ಎರಡು ಎಕರೆಗೆ ಒಂದೇ ಎತ್ತರ

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಗೆ ನೀರು ಕಟ್ಟುವ ನೀರುಗಂಟಿಗೆ ಒಂದು ಗೇಣಿನ ಬೆಲೆ ಚೆನ್ನಾಗಿ ಗೊತ್ತು. ಬದು ಒಂದು ಗೇಣು ತಗ್ಗಿದ್ದರೆ ನೀರು ಪಕ್ಕದ ಗದ್ದೆಗೆ ಹೋಗುತ್ತದೆ. ಜ್ವಾಲಾಮುಖಿಯಿಂದ ಇಳಿದುಬರುವ ಲಾವಾ ಅಥವಾ ಕೆಸರಿನ ಪ್ರವಾಹ ಎತ್ತ ಸಾಗೀತು ಎಂದು ಗಣಕದಲ್ಲಿ ಲೆಕ್ಕ ಹಾಕುವವರ ಮುಂದಿರುವುದೂ ಇದೇ ಪ್ರಶ್ನೆ. ಆದರೆ ಅವರ ಕೈಯಲ್ಲಿರುವ ನೆಲದ ದತ್ತಾಂಶಕ್ಕೆ ಅನೇಕ ವೇಳೆ ಆ ಗೇಣು ಕಾಣುವುದೇ ಇಲ್ಲ.

ಇಂತಹ ಲೆಕ್ಕಕ್ಕೆ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದು ಎತ್ತರವನ್ನು ಕೊಡಲಾಗುತ್ತದೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ 11 ದಿನಗಳ ಯಾನದಲ್ಲಿ ರೇಡಾರ್‌ನಿಂದ ಭೂಮಿಯ ಬಹುಭಾಗವನ್ನು ಅಳೆದು ತಂದ ದತ್ತಾಂಶ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಜಗತ್ತಿನ ಹೆಚ್ಚಿನ ಪ್ರದೇಶಗಳಿಗೆ ಬಹುಕಾಲ ದೊರೆತದ್ದು ಸುಮಾರು 90 ಮೀಟರ್ ಚೌಕದ ಆವೃತ್ತಿ, ಎಂದರೆ ಎರಡು ಎಕರೆಗೆ ಒಂದೇ ಎತ್ತರ. ನಂತರ ಬಂದ 30 ಮೀಟರ್ ಆವೃತ್ತಿಯಲ್ಲಿ ಒಂದು ಚೌಕವೆಂದರೆ ಸುಮಾರು ಒಂಬತ್ತು ಗುಂಟೆ. ಎತ್ತರಗಳನ್ನು ಪೂರ್ಣ ಮೀಟರುಗಳಲ್ಲಿ ಮಾತ್ರ ದಾಖಲಿಸಲಾಗಿದೆ. ದಟ್ಟ ಮರಗಳಿರುವಲ್ಲಿ ಆ ರೇಡಾರ್ ಅಲೆ ನೆಲವನ್ನು ಪೂರ್ತಿ ಮುಟ್ಟದ ಕಾರಣ, ನಮ್ಮ ತೆಂಗಿನ ತೋಟದಂತಹ ಜಾಗ ಇದ್ದುದಕ್ಕಿಂತ ಎತ್ತರವಾಗಿ ದಾಖಲಾಗಬಹುದು.

ಬೆಟ್ಟದ ಕಡಿದಾದ ಮೈಮೇಲೆ ಇದರಿಂದ ಅಷ್ಟು ತೊಂದರೆಯಿಲ್ಲ. 30 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್ ಮುಂದೆ ಸಾಗಿದರೆ ನೆಲ 17 ಮೀಟರ್ ಇಳಿದಿರುತ್ತದೆ. ಎರಡು ಮೂರು ಮೀಟರ್ ತಪ್ಪಿದ್ದರೂ ಇಳಿಜಾರಿನ ಒಟ್ಟು ದಿಕ್ಕು ಬದಲಾಗದು. ಬುಡದ ಬಯಲಿನ ಸ್ಥಿತಿ ಬೇರೆ. ಅಲ್ಲಿ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ, ಅಕ್ಕಪಕ್ಕದ 30 ಮೀಟರ್ ಚೌಕಗಳ ಎತ್ತರದ ವ್ಯತ್ಯಾಸ 30 ಸೆಂಟಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಹೆಚ್ಚು. ಪೂರ್ಣ ಮೀಟರಿನ ಕಡತ ಅದನ್ನು ಹಿಡಿದಿಡಲಾರದು. ಜನ ಊರು ಕಟ್ಟಿಕೊಂಡು ಬದುಕುವುದು ಹೆಚ್ಚಾಗಿ ಆ ಬಯಲಿನಲ್ಲೇ ಎಂಬುದು ನನ್ನನ್ನು ಕಾಡುವ ಸಂಗತಿ.

1985ರ ನವೆಂಬರ್ 13ರ ರಾತ್ರಿ ಕೊಲಂಬಿಯದ ನೆವಾಡೊ ಡೆಲ್ ರೂಯಿಸ್ ಸಿಡಿದು, ಶಿಖರದ ಹಿಮ ಕರಗಿ, ಕೆಸರು ಕಣಿವೆ ಹಿಡಿದು ಇಳಿದು 70 ಕಿ.ಮೀ.ಗೂ ಹೆಚ್ಚು ದೂರದ ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಆ ದುರಂತದಲ್ಲಿ ಸತ್ತವರು ಸುಮಾರು 23,000. ಇಂತಹ ಪ್ರವಾಹ ಎಷ್ಟು ದೂರ ಹೋಗುತ್ತದೆ ಎಂದು ಅಂದಾಜಿಸಲು 1998ರಲ್ಲಿ ಅಮೆರಿಕದ ಭೂವಿಜ್ಞಾನಿಗಳು ಸರಳವಾದ ಒಂದು ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ 10 ಲಕ್ಷ ಘನ ಮೀಟರ್ ಕೆಸರು ಕಣಿವೆಯ 500 ಚದರ ಮೀಟರ್ ಅಡ್ಡಕೊಯ್ತವನ್ನು ತುಂಬಿ, ಒಟ್ಟು 20 ಲಕ್ಷ ಚದರ ಮೀಟರ್, ಅಂದರೆ ಸುಮಾರು 500 ಎಕರೆ ನೆಲವನ್ನು ಆವರಿಸುತ್ತದೆ. 20 ಮೀಟರ್ ಅಗಲ, 25 ಮೀಟರ್ ಆಳದ ಕಮರಿಯಲ್ಲಿ ಆ ಕೆಸರು ಸರಿಯಾಗಿ ಹಿಡಿಸುತ್ತದೆ. 90 ಮೀಟರ್ ಚೌಕದಲ್ಲಿ ದಂಡೆಯ ಎತ್ತರವೂ ಸರಾಸರಿಗೆ ಸೇರುವುದರಿಂದ ಅದೇ ಕಮರಿ ಐದಾರು ಮೀಟರ್ ಆಳದ ಅಗಲವಾದ ತಗ್ಗಾಗಿಬಿಡುತ್ತದೆ. ಕೆಸರು ಅಗಲಕ್ಕೆ ಹರಡಿ, ಲೆಕ್ಕದ 500 ಎಕರೆ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಕೆಳಗಿನ ಊರು ಸುರಕ್ಷಿತವೆಂದು ನಕ್ಷೆ ಹೇಳುತ್ತದೆ.

90 ಮೀಟರಿನ ದತ್ತಾಂಶವನ್ನು 10 ಮೀಟರಿಗೆ ನಯಗೊಳಿಸಿದರೆ ಚಿತ್ರ ಅಂದವಾಗುತ್ತದೆಯೇ ಹೊರತು ಕಳೆದುಹೋದ ಕಮರಿ ಮರಳಿ ಬರುವುದಿಲ್ಲ. ವಿಮಾನದಿಂದ ಲೇಸರ್ ಬಿಟ್ಟು ಹೊಸದಾಗಿ ಅಳೆದರೆ ಒಂದು ಮೀಟರಿನ ವಿವರವೂ ಸಿಗುತ್ತದೆ; ಆದರೆ ಅದಕ್ಕೂ ದಿನಾಂಕವಿದೆ. ಇಂಡೊನೇಷ್ಯಾದ ಮೆರಾಪಿ 2010ರಲ್ಲಿ ಸಿಡಿದಾಗ ಗೆಂಡೋಲ್ ಕಣಿವೆ ಹೂತುಹೋಯಿತು. ಹಾಗೆ ಹೂತ ಕಣಿವೆಯಲ್ಲಿ ಮುಂದಿನ ಪ್ರವಾಹ ಹಳೆಯ ದಂಡೆಗಳ ನಡುವೆ ನಿಲ್ಲಬೇಕೆಂದಿಲ್ಲ.

ಎಟ್ನಾ ಜ್ವಾಲಾಮುಖಿಯ ಲಾವಾವನ್ನು ಅಧ್ಯಯನ ಮಾಡಿದ ಇಟಲಿಯ ವಿಜ್ಞಾನಿಗಳ ಉಪಾಯ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಅವರ ಡೌನ್‌ಫ್ಲೋ ವಿಧಾನದಲ್ಲಿ ಪ್ರತಿ ಚೌಕದ ಎತ್ತರವನ್ನು ಬೇಕೆಂದೇ ಕೆಲವು ಮೀಟರ್ ಅತ್ತಿತ್ತ ಅಲುಗಾಡಿಸಿ, ಪ್ರತಿ ಸಲವೂ ಅತಿ ಕಡಿದಾದ ಇಳಿಜಾರಿನ ದಾರಿಯನ್ನು ಹುಡುಕಲಾಗುತ್ತದೆ. ಸಾವಿರಾರು ಸಲ ಹೀಗೆ ಮಾಡಿದಾಗ, ಪ್ರತಿ ಚೌಕದ ಮೇಲೂ ಎಷ್ಟು ದಾರಿಗಳು ಹಾದುಹೋದವು ಎಂಬ ಎಣಿಕೆ ಸಿಗುತ್ತದೆ, ಮತ್ತು ನಕ್ಷೆಯಲ್ಲಿ ಒಂದೇ ಗೆರೆಯ ಬದಲು ಹಲವು ಕವಲುಗಳು ಮೂಡುತ್ತವೆ.