ಕೃಪೆ: ಕೂಲಿಯ ಲೆಕ್ಕಕ್ಕೆ ಸಿಗದ ರಕ್ಷಣೆ

ಕ್ರೈಸ್ತ ಧರ್ಮದಲ್ಲಿ ಕೃಪೆ ಎಂದರೆ, ಅರ್ಹತೆಯನ್ನು ನೋಡದೆ ದೇವರು ತಾನಾಗಿಯೇ ಮನುಷ್ಯನ ಕಡೆಗೆ ತೋರುವ ದಯೆ. ಆ ದಯೆ ಯೇಸು ಕ್ರಿಸ್ತನ ಮರಣದಲ್ಲೂ ಪುನರುತ್ಥಾನದಲ್ಲೂ ಪೂರ್ಣವಾಗಿ ಪ್ರಕಟವಾಯಿತೆಂಬುದು ಸಭೆಯ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯದ, ಮೂಲ ಬೋಧನೆ. ಎಲ್ಲರೂ ಪಾಪ ಮಾಡಿದವರೇ, ಆದರೂ ಕ್ರಿಸ್ತನಲ್ಲಿ ದೊರೆತ ವಿಮೋಚನೆಯಿಂದ ಉಚಿತವಾಗಿ ನೀತಿವಂತರೆಂದು ಎಣಿಸಲ್ಪಡುತ್ತಾರೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಆದಿಸಭೆಯ ಅಪೊಸ್ತಲನಾದ (ಸುವಾರ್ತೆ ಸಾರಲು ಕಳುಹಿಸಲ್ಪಟ್ಟವನಾದ) ಪೌಲನು ಹೇಳುತ್ತಾನೆ. ಪಾಪದಿಂದಲೂ ಮರಣದಿಂದಲೂ ದೊರೆಯುವ ಈ ಬಿಡುಗಡೆಯೇ ರಕ್ಷಣೆ.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೊಂದಿದೆ. ದ್ರಾಕ್ಷೆಯ ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಹೊರಟು, ದಿನಕ್ಕೊಂದು ಬೆಳ್ಳಿ ನಾಣ್ಯದಂತೆ ಕೂಲಿ ಗೊತ್ತುಮಾಡಿ ಆಳುಗಳನ್ನು ಕರೆದೊಯ್ಯುತ್ತಾನೆ. ಹೊತ್ತೇರಿದ ಮೇಲೂ, ನಡುಹಗಲಲ್ಲೂ, ಇಳಿಹೊತ್ತಿನಲ್ಲೂ, ಕಡೆಗೆ ಕೆಲಸ ಮುಗಿಯಲು ಒಂದೇ ತಾಸು ಉಳಿದಿರುವಾಗಲೂ ಪೇಟೆಯಲ್ಲಿ ಸುಮ್ಮನೆ ನಿಂತವರನ್ನು ಕರೆಯುತ್ತಾನೆ. ಸಂಜೆಯ ಬಟವಾಡೆಯಲ್ಲಿ ಕೊನೆಗೆ ಬಂದವರ ಕೈಗೂ ಅದೇ ನಾಣ್ಯ ಬೀಳುತ್ತದೆ. ದಿನವಿಡೀ ಬಿಸಿಲಿನಲ್ಲಿ ದುಡಿದವರು ಗೊಣಗುತ್ತಾರೆ. ಒಪ್ಪಿಕೊಂಡ ಕೂಲಿ ಅವರಿಗೆ ಸಂದಿದೆ, ಮೋಸವಾಗಿಲ್ಲ. ಅವರು ತಾಳಲಾರದ್ದು ಯಜಮಾನನ ಒಳ್ಳೆಯತನವನ್ನು. ಈ ಗೊಣಗಾಟವನ್ನು ಓದುಗರು ಹಗುರವಾಗಿ ದಾಟಬಾರದೆಂದು ನನಗನಿಸುತ್ತದೆ, ಏಕೆಂದರೆ ಕೃಪೆಯನ್ನು ಒಪ್ಪಿಕೊಳ್ಳುವುದು ಕಷ್ಟವಾಗುವುದು ಬಹುಮಟ್ಟಿಗೆ ನಿಷ್ಠೆಯಿಂದ ಬಾಳಿದವರಿಗೇ.

ಹಾಗಾದರೆ ನಂಬಿಕೆಯ ಸ್ಥಾನವೇನು? ಸತ್ಕ್ರಿಯೆಗಳ ಬದಲಿಗೆ ದೇವರು ನಂಬಿಕೆಯನ್ನು ಬೆಲೆಯಾಗಿ ಪಡೆಯುತ್ತಾನೆಂದು ತಿಳಿಯುವವರು ಬಹಳ. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯ ಇದಕ್ಕೆ ಎಡೆಗೊಡುವುದಿಲ್ಲ: ರಕ್ಷಣೆ ನಂಬಿಕೆಯ ಮೂಲಕ ದೊರೆತರೂ ಅದು ದೇವರ ವರವೇ, ಯಾರೂ ಹೊಗಳಿಕೊಳ್ಳುವಂತಿಲ್ಲ. ಕೊಟ್ಟದ್ದನ್ನು ಭರವಸೆಯಿಂದ ಸ್ವೀಕರಿಸುವುದೇ ನಂಬಿಕೆ. ಪೌಲನು ಇದಕ್ಕೆ ಇಸ್ರಾಯೇಲರ ಮೂಲಪುರುಷನಾದ ಅಬ್ರಹಾಮನನ್ನು ಸಾಕ್ಷಿಯಾಗಿ ಕರೆಯುತ್ತಾನೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಹಾಮನು ದೇವರ ವಾಗ್ದಾನವನ್ನು ನಂಬಿದ್ದನ್ನೇ ದೇವರು ನೀತಿಯೆಂದು ಎಣಿಸುತ್ತಾನೆ. ಸುನ್ನತಿಯ ಆಜ್ಞೆ ಬರುವುದು 17ನೆಯ ಅಧ್ಯಾಯದಲ್ಲಿ. ಆಚರಣೆಗಿಂತ ಮೊದಲೇ ಅಂಗೀಕಾರ ದೊರೆತಿತ್ತೆಂಬುದು ಪೌಲನ ವಾದದ ಬಲ.

ಹಾಗೆಂದು ಸತ್ಕ್ರಿಯೆಗಳು ಬೇಡವೆಂದಲ್ಲ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರಿಕೆ ನೇರವಾಗಿಯೇ ಹೇಳುತ್ತದೆ, ಮತ್ತು ರಕ್ಷಣೆ ವರವೆಂದು ಹೇಳಿದ ಮರುವಾಕ್ಯದಲ್ಲೇ ಎಫೆಸದ ಪತ್ರಿಕೆ, ವಿಶ್ವಾಸಿಗಳು ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟವರೆಂದು ಸೇರಿಸುತ್ತದೆ.

ಕೃಪೆಗೂ ಮನುಷ್ಯಪ್ರಯತ್ನಕ್ಕೂ ಇರುವ ಸಂಬಂಧ ಸಭೆಯನ್ನು ಮತ್ತೆ ಮತ್ತೆ ಕಾಡಿದೆ. ಮನುಷ್ಯನು ಸ್ವಂತ ಇಚ್ಛಾಬಲದಿಂದಲೇ ಒಳ್ಳೆಯವನಾಗಬಲ್ಲನೆಂಬ, ಪೆಲಾಜಿಯಸನೆಂಬ ಬೋಧಕನ ನಿಲುವನ್ನು ಧರ್ಮಶಾಸ್ತ್ರಜ್ಞನಾದ ಸಂತ ಅಗಸ್ಟೀನನು ವಿರೋಧಿಸಿದನು, 418ರಲ್ಲಿ ಕಾರ್ಥೇಜಿನ ಸಭಾಸಮ್ಮೇಳನ ಅದನ್ನು ತಿರಸ್ಕರಿಸಿತು. 1517ರಲ್ಲಿ ವಿಟೆನ್‌ಬರ್ಗ್‌ನ ಧರ್ಮಸುಧಾರಕ ಮಾರ್ಟಿನ್ ಲೂಥರ್, ಪಾಪದಂಡದ ವಿನಾಯಿತಿ ಪತ್ರಗಳ ಮಾರಾಟವನ್ನು ಪ್ರಶ್ನಿಸಿದನು. ನಂಬಿಕೆಯಿಂದ ಮಾತ್ರವೇ ನೀತೀಕರಣ (ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದು) ಎಂಬುದು ಅವನ ಬೋಧನೆಯ ತಿರುಳಾಯಿತು. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರಲ್ಲಿ ಅದಕ್ಕೆ ಉತ್ತರಿಸುವಾಗ ‘ನಂಬಿಕೆಯಿಂದ ಮಾತ್ರ’ ಎಂಬ ಸೂತ್ರವನ್ನು ತಳ್ಳಿಹಾಕಿತಾದರೂ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಯಾರೂ ನೀತಿವಂತರಾಗಲಾರರೆಂದು ಸ್ಪಷ್ಟವಾಗಿ ಘೋಷಿಸಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿ, ಮನುಷ್ಯನ ಪುಣ್ಯದಿಂದಲ್ಲ, ಕೃಪೆಯಿಂದಲೇ ದೇವರು ಅವನನ್ನು ಅಂಗೀಕರಿಸುತ್ತಾನೆಂದು ಒಟ್ಟಾಗಿ ಒಪ್ಪಿಕೊಂಡವು. ಹೀಗೆ ಅಂಗೀಕೃತನಾದವನು ಇನ್ನೂ ಪಾಪಿಯೇ ಎಂಬುದನ್ನು ವಿವರಿಸುವ ಬಗೆ ಮಾತ್ರ ಎರಡೂ ಸಭೆಗಳಲ್ಲಿ ಇಂದಿಗೂ ಬೇರೆಬೇರೆ.