ಪರದೆ ಕಪ್ಪಾದರೆ ಸರ್ವರ್ ಕೆಟ್ಟಿದೆ ಅಂತಲ್ಲ

ಮಂಡ್ಯದ ಒಂದು ಕಾಲೇಜಿನಲ್ಲಿ ಹೊಸ ಸರ್ವರ್ ಕೂರಿಸುವಾಗ ಜೊತೆಗಿದ್ದೆ. ಅದರ ಬೆನ್ನಿಗೆ ಎರಡು ಪವರ್ ಸಪ್ಲೈ. ನಮ್ಮ ಹುಡುಗರು ಎರಡು ವೈರನ್ನೂ ಒಂದೇ ಯುಪಿಎಸ್‌ಗೆ ಹಾಕಿದ್ದರು. ಆ ಯುಪಿಎಸ್ ಕೈಕೊಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ, ಅಲ್ವಾ? ಒಂದನ್ನು ಬೇರೆ ಲೈನಿಗೆ ಹಾಕಿಸಿದೆ. ಒಂದು ಲೈನ್ ಹೋದಾಗ ಇನ್ನೊಂದೇ ಪೂರ್ತಿ ಭಾರ ಹೊರಬೇಕು. ಹಾಗಾಗಿ ಮಾಮೂಲಿ ದಿನಗಳಲ್ಲಿ ಯಾವ ಲೈನಿನ ಮೇಲೂ ಅದರ ತಾಕತ್ತಿನ ಅರ್ಧಕ್ಕಿಂತ ಜಾಸ್ತಿ ಹೊರೆ ಬೀಳಬಾರದು. ಅರ್ಥಿಂಗ್ ಗುಂಡಿ ಒಣಗಿತ್ತು, ಅದಕ್ಕೂ ನೀರು ಹುಯ್ಯಿಸಿದೆವು. ಇದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಅಷ್ಟು ದೂರ ತಂದವರ ಶ್ರಮ ಕೊನೆಯ ಎರಡು ಅಡಿ ವೈರಿನಲ್ಲಿ ಹಾಳಾಗಬಾರದು ಅನ್ನಿಸುತ್ತದೆ ನನಗೆ.

ಬಟನ್ ಒತ್ತುವ ಮೊದಲೇ ಫ್ಯಾನ್ ಸದ್ದು ಮಾಡಿತು. ಅದು ಸರಿಯೇ. ವೈರ್ ಚುಚ್ಚಿದ ಕೂಡಲೇ ಬೋರ್ಡಿನ ಮೇಲಿರುವ ಬಿಎಂಸಿ ಅನ್ನೋ ಪುಟ್ಟ ಕಂಪ್ಯೂಟರ್ ಎದ್ದು ಕೂರುತ್ತದೆ. ಸರ್ವರ್ ಆಫ್ ಇದ್ದರೂ ಅದು ಎಚ್ಚರವಾಗಿರುತ್ತದೆ.

ಬಟನ್ ಒತ್ತಿದೆವು. ಮಾನಿಟರ್‌ನಲ್ಲಿ ಕಂಪನಿಯ ಲೋಗೋ ಬಂತು, ಬೂಟ್ ಮೆನು ಬಂತು, ಆಮೇಲೆ ಬರೀ ಕತ್ತಲೆ. "ಹೋಯ್ತು ಸಾರ್" ಅಂದ ಒಬ್ಬ ಹುಡುಗ. ಹೋಗಿರಲಿಲ್ಲ. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಲು ನಾವು ತಂದಿದ್ದ ಪೆನ್‌ಡ್ರೈವನ್ನು ಮಾನಿಟರೇ ಇಲ್ಲದ ಇನ್ನೊಂದು ಸರ್ವರಿಗಾಗಿ ತಯಾರಿಸಿದ್ದೆವು. ಅದರಲ್ಲಿ ಕನ್ಸೋಲ್, ಅಂದರೆ ಸರ್ವರ್ ತನ್ನ ಮಾತು ತೋರಿಸುವ ಜಾಗ, ಅಂತ ಸೀರಿಯಲ್ ಪೋರ್ಟನ್ನು (ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಕಿಂಡಿಯನ್ನು) ಬರೆದಿತ್ತು. ಸರ್ವರ್ ಅಲ್ಲಿಯೇ ಮಾತಾಡುತ್ತಿತ್ತು, ನಾವು ಇಲ್ಲಿ ಕಿವಿ ಇಟ್ಟಿದ್ದೆವು.

ಲ್ಯಾಪ್‌ಟಾಪಿನಿಂದ ಸೀರಿಯಲ್ ಕೇಬಲ್ ಹಾಕಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ನೋಡಿದರೆ ಬರೀ ಗೀಚು ಅಕ್ಷರ. ಈ ಕೇಬಲ್‌ನಲ್ಲಿ ತಾಳ ಹಾಕಲು ಬೇರೆ ತಂತಿ ಇಲ್ಲ. ಒಂದು ಅಕ್ಷರಕ್ಕೆ ಶುರುವಿನ ಒಂದು ಬಿಟ್, ಅಕ್ಷರದ ಎಂಟು, ಮುಗಿಸಲು ಒಂದು. ಹೀಗೆ ಹತ್ತು ಬಿಟ್ ಸಾಲಾಗಿ ಬರುತ್ತವೆ. ಯಾವ ಗಳಿಗೆಯಲ್ಲಿ ಯಾವ ಬಿಟ್ ಅನ್ನೋದನ್ನು ಎರಡೂ ಕಡೆಯವರು ತಮ್ಮ ತಮ್ಮ ಗಡಿಯಾರ ನೋಡಿಯೇ ಎಣಿಸಬೇಕು. ವೇಗ ಬೇರೆಯಾದರೆ ಎಣಿಕೆ ತಪ್ಪಿ ಅಕ್ಷರ ಕಲಸಿಹೋಗುತ್ತದೆ. 115200ಕ್ಕೆ ಬದಲಿಸಿ ಎಂಟರ್ ಒತ್ತಿದೆವು. ಇನ್‌ಸ್ಟಾಲರ್ ತನ್ನ ಮೊದಲ ಪ್ರಶ್ನೆ ಹಿಡಿದು ಕಾಯುತ್ತಿತ್ತು!

ದೂರದ ಕಟ್ಟಡದಲ್ಲಿರುವ ಯಂತ್ರಕ್ಕೆ ಸೀರಿಯಲ್ಲೇ ಒಳ್ಳೆಯದು. ಬಿಎಂಸಿ ಮೂಲಕ ಅದನ್ನು ಮನೆಯಿಂದಲೂ ನೋಡಬಹುದು. ಆದರೆ ಇಲ್ಲಿ ಮಕ್ಕಳು ಯಂತ್ರದ ಮುಂದೆಯೇ ಕೂತು ಕಲಿಯುವವರು. ಲಿನಕ್ಸ್‌ನಲ್ಲಿ ಎರಡು ಕನ್ಸೋಲ್ ಹೆಸರು ಕೊಟ್ಟರೆ ಕೊನೆಯಲ್ಲಿ ಬರೆದದ್ದೇ ಮುಖ್ಯವಾಗುತ್ತದೆ. ಅದಕ್ಕೇ ಸೀರಿಯಲ್ಲನ್ನು ಮೊದಲು, ಮಾನಿಟರನ್ನು ಆಮೇಲೆ ಬರೆದು ಮತ್ತೆ ಬೂಟ್ ಮಾಡಿದೆವು.