ಬಿಡುಗಡೆಯ ತೀರ್ಮಾನ ಯಾರದು? ಬ್ರಿಟನ್ನಿನ ವಿದೇಶಿ ಕೈದಿಗಳ ಪ್ರಶ್ನೆ ಬೆಳೆದುಬಂದ ಬಗೆ

ನಮ್ಮಲ್ಲಿ ಪೆರೋಲ್ ಎಂದರೆ ಮದುವೆ, ಸಾವು, ಕಾಯಿಲೆಯಂಥ ಕಾರಣಕ್ಕೆ ಕೈದಿಗೆ ಸಿಗುವ ಕೆಲವು ದಿನಗಳ ಬಿಡುವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಶಿಕ್ಷೆಯ ಉಳಿದ ಭಾಗವನ್ನು ಅಧಿಕಾರಿಗಳ ನಿಗಾದಲ್ಲಿ ಹೊರಗೆ ಕಳೆಯಲು ಕೊಡುವ ಬಿಡುಗಡೆ. ವಿದೇಶಿ ಕೈದಿಗಳ ಕುರಿತ ವಿವಾದ ಹುಟ್ಟಿದ್ದು ಈ ಬಿಡುಗಡೆಯನ್ನು ಯಾರು ತೀರ್ಮಾನಿಸಬೇಕು ಎಂಬಲ್ಲಿ.

1967ರ ಕಾಯ್ದೆಯಿಂದ ಹುಟ್ಟಿದ ಪೆರೋಲ್ ಮಂಡಳಿ ಬಹುಕಾಲ ಸಚಿವರಿಗೆ ಸಲಹೆ ಕೊಡುವ ಸಂಸ್ಥೆಯಾಗಿಯೇ ಉಳಿದಿತ್ತು. 1991ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ನಿಗದಿತ ಶಿಕ್ಷೆಗೆ ಒಳಗಾದವನು ಅರ್ಧ ಅವಧಿ ಕಳೆದ ಮೇಲೆ ಮಂಡಳಿಯ ಶಿಫಾರಸಿನಿಂದ ಹೊರಬರಬಹುದಿತ್ತು; ಶಿಫಾರಸು ಸಿಗದಿದ್ದರೆ ಮೂರನೇ ಎರಡು ಭಾಗ ಮುಗಿಯುವವರೆಗೆ ಕಾಯಬೇಕಿತ್ತು. 1998ರಲ್ಲಿ, 15 ವರ್ಷಕ್ಕಿಂತ ಕಡಿಮೆ ಶಿಕ್ಷೆಯವರ ಮಟ್ಟಿಗೆ ಮಂಡಳಿಯ ಮಾತೇ ಅಂತಿಮವಾಯಿತು. ಗಡೀಪಾರಿಗೆ ಗುರಿಯಾದ ವಿದೇಶಿಯರನ್ನು ಮಾತ್ರ ಈ ವ್ಯವಸ್ಥೆಯಿಂದ ಹೊರಗಿಟ್ಟು, ಅವರ ತೀರ್ಮಾನವನ್ನು ಸಚಿವರ ಕೈಯಲ್ಲೇ ಉಳಿಸಲಾಯಿತು. ದೇಶ ಬಿಟ್ಟು ಹೋಗುವವನ ಮೇಲೆ ನಿಗಾ ಇಡುವ ಪ್ರಶ್ನೆಯೇ ಬಾರದಿರುವಾಗ ಮಂಡಳಿಯ ಪರಿಶೀಲನೆ ಏಕೆ ಎಂಬುದು ಸರ್ಕಾರದ ವಾದವಾಗಿತ್ತು.

ಈ ವಾದವನ್ನು ಪ್ರಶ್ನಿಸಿದವರಲ್ಲಿ ಒಬ್ಬನ ಬಗ್ಗೆ ಯಾರಿಗೂ ಮರುಕ ಹುಟ್ಟುವಂತಿರಲಿಲ್ಲ. ನೆಜಾರ್ ಹಿಂದಾವಿ ಎಂಬ ಜೋರ್ಡಾನ್ ಪ್ರಜೆ 1986ರಲ್ಲಿ, ಏನೊಂದೂ ಅರಿಯದ ತನ್ನ ಗರ್ಭಿಣಿ ಪ್ರೇಯಸಿಯ ಚೀಲದಲ್ಲಿ ಬಾಂಬ್ ಇಟ್ಟು, ಅವಳನ್ನು ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಇಸ್ರೇಲ್ ವಿಮಾನ ಹತ್ತಿಸಲು ಯತ್ನಿಸಿ, 45 ವರ್ಷಗಳ ಶಿಕ್ಷೆಗೆ ಒಳಗಾಗಿದ್ದ. ಕಾನೂನಿನ ಸಮಾನತೆಗೆ ನಿಜವಾದ ಪರೀಕ್ಷೆ ಇಂಥ ಮೊಕದ್ದಮೆಗಳಲ್ಲೇ ಎದುರಾಗುತ್ತದೆ. ಈ ಮೊಕದ್ದಮೆಯ ತೀರ್ಪು ಬರುವ ಹೊತ್ತಿನ ವಾತಾವರಣವೂ ಅನುಕೂಲಕರವಾಗಿರಲಿಲ್ಲ: 2006ರ ಏಪ್ರಿಲ್‌ನಲ್ಲಿ, 1,023 ವಿದೇಶಿ ಕೈದಿಗಳನ್ನು ಗಡೀಪಾರಿನ ವಿಚಾರ ಮಾಡದೆಯೇ ಬಿಡುಗಡೆ ಮಾಡಲಾಗಿದೆ ಎಂದು ಬಯಲಾಗಿ ದೇಶವೇ ಸಿಟ್ಟಿಗೆದ್ದಿತ್ತು. ಅದೇ ವರ್ಷದ ಡಿಸೆಂಬರ್ 13ರಂದು, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಗಳು ತೀರ್ಪಿತ್ತರು. ಕೈದಿ ಎಷ್ಟು ಅಪಾಯಕಾರಿ ಎಂದು ಅಳೆಯುವ ಕೆಲಸ ಸ್ವದೇಶಿಗೂ ವಿದೇಶಿಗೂ ಒಂದೇ, ಮಂಡಳಿ ಅದನ್ನು ಇಬ್ಬರ ವಿಷಯದಲ್ಲೂ ಮಾಡಬಲ್ಲದು. ಹೀಗಿರುವಾಗ ಈ ವ್ಯತ್ಯಾಸವು ಮಾನವ ಹಕ್ಕುಗಳ ಐರೋಪ್ಯ ಒಡಂಬಡಿಕೆಯ 5ನೇ ವಿಧಿಯೊಂದಿಗೆ (ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಓದಬೇಕಾದ 14ನೇ ವಿಧಿಗೆ (ತಾರತಮ್ಯ ನಿಷೇಧ) ವಿರುದ್ಧವಾದ, ರಾಷ್ಟ್ರೀಯತೆಯ ಆಧಾರದ ತಾರತಮ್ಯ ಎಂಬುದು ಅದರ ತಿರುಳು. ಕಾಯ್ದೆ ಒಡಂಬಡಿಕೆಗೆ ಹೊಂದುವುದಿಲ್ಲ ಎಂದು ನ್ಯಾಯಾಲಯ ಘೋಷಿಸಿದರೂ ಬ್ರಿಟನ್ನಿನಲ್ಲಿ ಕಾಯ್ದೆ ತಾನಾಗಿ ರದ್ದಾಗುವುದಿಲ್ಲ; ವಿದೇಶಿಯರನ್ನು ಹೊರಗಿಟ್ಟಿದ್ದ ಸೆಕ್ಷನ್‌ಗಳನ್ನು ಸಂಸತ್ತು 2008ರಲ್ಲಿ ತೆಗೆದುಹಾಕಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 2007ರ ಕಾಯ್ದೆ 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದ ವಿದೇಶಿಯರ ಗಡೀಪಾರನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಕಡ್ಡಾಯ ಮಾಡಿತು. ಅವಧಿಗೆ ಮೊದಲೇ ದೇಶದಿಂದ ಹೊರಗೆ ಕಳುಹಿಸುವ ಯೋಜನೆಯೂ ಇತ್ತು; ಬಿಡುಗಡೆಯ ದಿನಕ್ಕಿಂತ ಎಷ್ಟು ಮೊದಲು ಕಳುಹಿಸಬಹುದು ಎಂಬ ಅದರ ಮಿತಿ 135 ದಿನಗಳಿಂದ ಶುರುವಾಗಿ 2008ರಲ್ಲಿ 270 ದಿನ, 2022ರಲ್ಲಿ 12 ತಿಂಗಳು, 2024ರಲ್ಲಿ 18 ತಿಂಗಳಿಗೆ ಬೆಳೆಯಿತು. ಜೈಲುಗಳು ತುಂಬಿ ತುಳುಕುತ್ತಿರುವುದು ಇದಕ್ಕೆ ದೊಡ್ಡ ಕಾರಣ. ಈಗ ವಿದೇಶಿ ಕೈದಿ ಸ್ವದೇಶಿಗಿಂತ ಮೊದಲೇ ಹೊರಬೀಳಬಹುದು. ನೊಂದವರ ಕುಟುಂಬಕ್ಕೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ; ಹೆಂಡತಿ ಮಕ್ಕಳೆಲ್ಲ ಬ್ರಿಟನ್ನಿನಲ್ಲೇ ಇರುವ ಕೈದಿಗೂ ಇದು ಬಿಡುಗಡೆಯಂತೆ ಕಾಣಲಾರದು. ಈ ಯೋಜನೆಯಡಿ ಯಾರನ್ನು, ಯಾವಾಗ ಕಳುಹಿಸಬೇಕು ಎಂಬುದನ್ನು ಸರ್ಕಾರವೇ ನಿರ್ಧರಿಸುತ್ತದೆ. ಆ ಕಡತ ಪೆರೋಲ್ ಮಂಡಳಿಯ ಮುಂದೆ ಹೋಗುವುದಿಲ್ಲ.